ಮುಗಿಯದ ಕಟ್ಟಡಕ್ಕೂ ಒಂದು ನಕ್ಷೆ ಬೇಕು

ಉಚ್ಚಿಲದ ಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟು, ಕಾಪು, ಕಟಪಾಡಿ ದಾಟಿ, ಉಡುಪಿಯಿಂದ ಮಣಿಪಾಲದ ಗುಡ್ಡ ಹತ್ತುವಷ್ಟರಲ್ಲಿ ಕಾಲ ಕೆಳಗಿನ ನೆಲವೇ ಬದಲಾಗಿರುತ್ತದೆ. ಕಡಲಬದಿಯಲ್ಲಿ ಹೊಯಿಗೆ, ಮಳೆಗಾಲದಲ್ಲಿ ಕೆಲವೇ ಅಡಿ ಅಗೆದರೆ ನೀರು ಒಸರುತ್ತದೆ, ಗುಂಡಿಯ ಅಂಚು ತಾನಾಗಿ ಕುಸಿಯುತ್ತದೆ. ಮಣಿಪಾಲದಲ್ಲಿ ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿ ಮಣ್ಣು. ಕಾರ್ಕಳದ ಕಡೆ ತಿರುಗಿದರೆ ಬಂಡೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಲ್ಲಿನ ಸೀಮೆ ಅದು. ಮೂವತ್ತು ನಲವತ್ತು ಕಿಲೋಮೀಟರಿನ ಒಳಗಿನ ಈ ಮೂರು ಬಗೆಯ ನೆಲದ ಮೇಲೂ ಈಗ ಅಪಾರ್ಟ್‌ಮೆಂಟು, ಹಾಸ್ಟೆಲು, ವಾಣಿಜ್ಯ ಸಂಕೀರ್ಣಗಳು ಏಳುತ್ತಿವೆ. ಅವುಗಳಿಗಾಗಿ ಪುರಸಭೆ, ನಗರಸಭೆಗಳಲ್ಲಿ ಮಂಜೂರಾಗುವ ನಕ್ಷೆಯನ್ನು ಬಿಡಿಸಿ ನೋಡಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಅದು ಮುಗಿದ ಕಟ್ಟಡದ ನಕ್ಷೆ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಎಷ್ಟು, ಎತ್ತರ ಎಷ್ಟು, ವಾಹನ ನಿಲ್ಲಿಸಲು ಜಾಗ ಎಷ್ಟು ಎಂಬುದೆಲ್ಲ ಅದರಲ್ಲಿ ಅಂಗುಲ ಲೆಕ್ಕದಲ್ಲಿದೆ. ಗುಂಡಿ ಅಗೆದ ಹದಿನೈದನೆಯ ದಿನ ಆ ಜಾಗ ಹೇಗಿರುತ್ತದೆ, ಎರಡನೆಯ ಸ್ಲ್ಯಾಬ್ ಹಾಕುವ ಬೆಳಿಗ್ಗೆ ಯಾವ ಕಂಬ ಯಾವುದನ್ನು ಹೊತ್ತಿರುತ್ತದೆ ಎಂಬುದು ಎಲ್ಲಿಯೂ ಇಲ್ಲ. ಕೆಲಸಗಾರರು ಪ್ರಾಣ ಕಳೆದುಕೊಳ್ಳುವುದು ಮಾತ್ರ ಆ ನಕ್ಷೆಯಲ್ಲಿಲ್ಲದ ದಿನಗಳಲ್ಲೇ. ಕಟ್ಟಡದ ಡಿಜಿಟಲ್ ಮಾದರಿಯ ಬಗ್ಗೆ ನಾವು ಗಂಭೀರವಾಗಿ ಮಾತಾಡಬೇಕಾದ ಮುಖ್ಯ ಕಾರಣ ಇದು: ಮುಗಿಯದ ಕಟ್ಟಡವನ್ನು ದಿನದಿನಕ್ಕೆ ಬರೆದು ತೋರಿಸಬಲ್ಲ ಇಷ್ಟು ಸಮರ್ಥವಾದ ಸಾಧನ ನಮಗೆ ಹಿಂದೆ ಸಿಕ್ಕಿರಲಿಲ್ಲ.

ತಾತ್ಕಾಲಿಕ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನೋವಿನ ಸಾಕ್ಷ್ಯವಿದೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ, ಮೆಟ್ರೊ ಕಂಬಕ್ಕೆಂದು ಕಟ್ಟಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಹಂದರ ವಾಲಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಕುಟುಂಬದ ಮೇಲೆ ಬಿತ್ತು. ತಾಯಿಯೂ ಪುಟ್ಟ ಮಗನೂ ತೀರಿಕೊಂಡರು. ಕಾಂಕ್ರೀಟ್ ತುಂಬಿ ಗಟ್ಟಿಯಾದ ಮೇಲೆ ಆ ಕಂಬ ಹತ್ತಾರು ವರ್ಷ ರೈಲನ್ನು ಹೊರಬಲ್ಲದು. ಅದರ ವಿನ್ಯಾಸವನ್ನು ಎಷ್ಟೋ ಜನ ಪರಿಶೀಲಿಸಿರುತ್ತಾರೆ. ಆದರೆ ಕಾಂಕ್ರೀಟ್ ಬೀಳುವ ಮೊದಲಿನ ಆ ಕೆಲವು ದಿನಗಳಲ್ಲಿ ಅದು ಕಂಬವೇ ಅಲ್ಲ, ಗಾಳಿಗೆ ನಿಂತ ಸರಳುಗಳ ಗೂಡು. ಆ ಗೂಡಿಗೆ ಸಾಕಷ್ಟು ತಾತ್ಕಾಲಿಕ ಆಧಾರ ಇರಲಿಲ್ಲ ಎಂಬ ಕಡೆಗೇ ತಜ್ಞರ ತನಿಖೆ ಬೆರಳು ಮಾಡಿತು. ಶಾಶ್ವತವಾದುದಕ್ಕೆ ನೂರು ಲೆಕ್ಕ, ನಾಲ್ಕು ದಿನ ನಿಲ್ಲುವುದಕ್ಕೆ ಅಂದಾಜು: ಕಟ್ಟಡ ಕೆಲಸದ ಎಷ್ಟೋ ದುರಂತಗಳ ಬುಡದಲ್ಲಿ ಈ ಅಸಮತೋಲನವಿದೆ.

ಡಿಜಿಟಲ್ ಮಾದರಿ ಎಂದರೆ ಏನು? ಕಂಪ್ಯೂಟರಿನಲ್ಲಿ ಎಳೆದ ಹಳೆಯ ಬಗೆಯ ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಗೆರೆ. ತಾವು ಗೋಡೆ ಎಂಬುದು ಆ ಗೆರೆಗಳಿಗೆ ಗೊತ್ತಿಲ್ಲ. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಉದ್ಯಮದವರ ಬಾಯಲ್ಲಿ ಬಿಮ್, ಎನ್ನುವ ಪದ್ಧತಿಯಲ್ಲಿ ಗೋಡೆಯನ್ನು ಗೋಡೆಯಾಗಿಯೇ ಕಟ್ಟುತ್ತಾರೆ. ಅದರ ದಪ್ಪ, ವಸ್ತು, ತೂಕ, ಅದು ಯಾವ ತೊಲೆಯ ಮೇಲೆ ಕೂತಿದೆ ಎಂಬ ಮಾಹಿತಿ ಅದಕ್ಕೆ ಅಂಟಿಕೊಂಡಿರುತ್ತದೆ. ಇದರ ಮೂಲ ಕಲ್ಪನೆಯನ್ನು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದ ನಡುವಿನಲ್ಲೇ ಮುಂದಿಟ್ಟಿದ್ದರು. ಉದ್ದ, ಅಗಲ, ಎತ್ತರದ ಜತೆಗೆ ಪ್ರತಿ ಭಾಗಕ್ಕೂ ತಾರೀಕನ್ನು ಸೇರಿಸಿದರೆ ಮಾದರಿ ನಾಲ್ಕು ಆಯಾಮದ್ದಾಗುತ್ತದೆ. ಸುರಕ್ಷತೆಯ ವಿಷಯ ಆರಂಭವಾಗುವುದೇ ಅಲ್ಲಿ. ಮೇ 20ಕ್ಕೆ ಕಟ್ಟಡ ಹೇಗಿರುತ್ತದೆ ಎಂದು ಕೇಳಿದರೆ, ಆ ದಿನಕ್ಕೆ ಏನು ಎದ್ದಿದೆ, ಏನು ಎದ್ದಿಲ್ಲ, ಎಲ್ಲಿ ತೆರೆದ ಅಂಚಿದೆ, ಎಲ್ಲಿ ಮಣ್ಣಿನ ಗೋಡೆ ಬರಿದಾಗಿ ನಿಂತಿದೆ ಎಂದು ಅದು ತೋರಿಸುತ್ತದೆ.

ನಮ್ಮ ಉಡುಪಿ ಜಿಲ್ಲೆಗೆ ಈ ತಾರೀಕಿನ ಪ್ರಶ್ನೆ ಎಷ್ಟು ಮುಖ್ಯ ಎಂಬುದನ್ನು ಶೇಡಿ ಮಣ್ಣೇ ಹೇಳುತ್ತದೆ. ಮುರಕಲ್ಲನ್ನು ಕಡಿದಾಗ ಮೇಲ್ಪದರ ಗಟ್ಟಿ. ಗಾಳಿಗೆ ಒಡ್ಡಿಕೊಂಡಷ್ಟೂ ಇನ್ನೂ ಗಟ್ಟಿಯಾಗುವ ಗುಣ ಅದರದ್ದು. ಲ್ಯಾಟರೈಟ್ ಎಂಬ ಹೆಸರನ್ನು ಈ ಕಲ್ಲಿಗೆ 1807ರಲ್ಲಿ ಕೊಟ್ಟ ಫ್ರಾನ್ಸಿಸ್ ಬುಕಾನನ್ ಗಮನಿಸಿದ್ದೂ ಅದನ್ನೇ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ. ಬೇಸಿಗೆಯಲ್ಲಿ ಒಣಗಿದ್ದಾಗ ಹಿಟಾಚಿಯ ಹಲ್ಲಿನ ಗುರುತು ಹಾಗೆಯೇ ಉಳಿಯುವಷ್ಟು ನೇರವಾಗಿ ನಿಲ್ಲುತ್ತದೆ. ಇಪ್ಪತ್ತಡಿ ಲಂಬವಾಗಿ ಕಡಿದರೂ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಬರುವುದು ಆಗಲೇ. ನೀರು ಸೇರಿತೆಂದರೆ ಅದೇ ಮಣ್ಣು ಬಲ ಕಳೆದುಕೊಂಡು ಅಂಬಲಿಯಂತಾಗುತ್ತದೆ. ಮೇಲಿನ ಮುರಕಲ್ಲಿನ ಪದರ ಸೂರಿನ ಹಾಗೆ ಚಾಚಿಕೊಂಡು ನಿಂತು ಒಮ್ಮೆಲೇ ಕಳಚುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದಿರುವುದು ಈ ಗುಣದಿಂದಾಗಿಯೇ. 2024ರ ಜುಲೈಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ನಿರ್ಮಾಣ ಹಂತದ ಕಟ್ಟಡವೊಂದರ ಬುಡದಲ್ಲಿ ಮಣ್ಣು ಜರಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬರನ್ನು ಜೀವಂತವಾಗಿ ಹೊರತೆಗೆದರು, ಇನ್ನೊಬ್ಬರು ಉಳಿಯಲಿಲ್ಲ. ಮಳೆಯೊಂದನ್ನೇ ದೂರುವಂತೆಯೂ ಇಲ್ಲ: 2020ರ ಫೆಬ್ರವರಿ ಕೊನೆಯಲ್ಲಿ, ಬಿಸಿಲಿನ ದಿನಗಳಲ್ಲೇ, ಅದೇ ನಗರದ ಕರಂಗಲ್ಪಾಡಿಯಲ್ಲಿ ಕಾಮಗಾರಿ ಸ್ಥಳದ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸತ್ತರು.

ಕರಾವಳಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, ಮಳೆಗೆ ಮುಂಚೆ ಪಂಚಾಂಗ ಮುಗಿಸಬೇಕು ಎಂಬುದು. ಮಾತೇನೋ ಸರಿ. ಮುಗಿಯದಿದ್ದರೆ? ಸಾಲದ ಕಂತು ತಡವಾಗಿ, ಕಬ್ಬಿಣ ತಡವಾಗಿ, ಕೆಲಸಗಾರರು ಊರಿಗೆ ಹೋಗಿ ತಡವಾಗಿ, ಏಪ್ರಿಲ್‌ನಲ್ಲಿ ಅಗೆದ ಗುಂಡಿ ಜೂನಿನ ಮೊದಲ ವಾರಕ್ಕೆ ಬಾಯಿ ತೆರೆದುಕೊಂಡೇ ಇರುತ್ತದೆ. ಕಾಗದದ ನಕ್ಷೆಗೆ ಈ ತಡ ಗೊತ್ತಾಗುವುದಿಲ್ಲ. ತಾರೀಕು ಹೊತ್ತ ಮಾದರಿಯಲ್ಲಿ ಕೆಲಸವನ್ನು ಮೂರು ವಾರ ಮುಂದೆ ತಳ್ಳಿದ ಕ್ಷಣವೇ, ತಡೆಗೋಡೆ ಏಳುವ ಮೊದಲು ಮುಂಗಾರು ಬರುತ್ತದೆ ಎಂಬುದು ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಒಂದೂವರೆ ಮೀಟರಿಗಿಂತ ಆಳದ ಕಂದಕದ ಬದಿಗೆ ಆಧಾರ ಕಟ್ಟಬೇಕು ಎಂಬ ನಿಯಮ ಭಾರತೀಯ ಮಾನಕದಲ್ಲಿ ಹಿಂದಿನಿಂದಲೂ ಇದೆ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಬಾರದು ಎಂಬುದೂ ಇದೆ. ನಿಯಮ ಇಲ್ಲದ್ದಕ್ಕೆ ಮಣ್ಣು ಬೀಳುತ್ತಿಲ್ಲ. ಈ ಗುಂಡಿ, ಈ ಅಂಚು, ಈ ವಾರ ಎಂದು ನಿಯಮವನ್ನು ಜಾಗಕ್ಕೆ ತಂದು ಕೂರಿಸುವವರು ಇಲ್ಲ.

ಸ್ಲ್ಯಾಬಿನ ವಿಷಯವೂ ಇದೇ ಜಾತಿಯದು. ಸಾವಿರ ಚದರಡಿಯ, ಆರು ಇಂಚು ದಪ್ಪದ ತಾರಸಿಗೆ ಸುರಿಯುವ ಹಸಿ ಕಾಂಕ್ರೀಟಿನ ತೂಕ ಸುಮಾರು 35 ಟನ್. ಅದು ಗಟ್ಟಿಯಾಗುವ ತನಕ ತನ್ನನ್ನು ತಾನೇ ಹೊರಲಾರದು. ಪೂರ್ತಿ ಭಾರ ಸೆಂಟ್ರಿಂಗ್‌ನ ಮೇಲೆ, ಅಂದರೆ ಕೆಳಗಿನ ಜಾಕಿ, ಮರದ ಕಂಬಗಳ ಮೇಲೆ. ಆ ಕಂಬಗಳು ನಿಂತಿರುವುದು ಮೊನ್ನೆ ಮೊನ್ನೆ ಹಾಕಿದ ಕೆಳಗಿನ ಸ್ಲ್ಯಾಬಿನ ಮೇಲೆ. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲದ್ದಕ್ಕೆ 14 ದಿನ ಆಧಾರ ತೆಗೆಯಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮೇಲೆ ಇನ್ನೊಂದು ಸ್ಲ್ಯಾಬ್ ಬರುವುದಿದ್ದರೆ ಆ ಲೆಕ್ಕವೂ ಸಾಲದು. ಬಾಡಿಗೆಗೆ ತಂದ ಸೆಂಟ್ರಿಂಗ್ ಸಾಮಾನು ಮುಂದಿನ ಸೈಟಿಗೆ ಬೇಕೆಂದು ಐದನೆಯ ದಿನ ಬಿಚ್ಚುವ ಆತುರ ಯಾರಿಗೂ ಹೊಸದಲ್ಲ. ಮಾದರಿಯಲ್ಲಿ ಪ್ರತಿ ಸ್ಲ್ಯಾಬಿಗೂ ಹಾಕಿದ ದಿನ ದಾಖಲಾಗಿರುವುದರಿಂದ, ಬಿಚ್ಚುವ ದಿನ ಮುಂಚೆ ಬಿದ್ದರೆ ಆ ಭಾಗ ಕೆಂಪಾಗುವಂತೆ ಮಾಡಬಹುದು. ಇದಕ್ಕೆ ಮಹಾ ಬುದ್ಧಿವಂತ ಯಂತ್ರ ಬೇಕಿಲ್ಲ. ಕ್ಯಾಲೆಂಡರ್ ಮತ್ತು ಕೂಡಿಸುವ ಲೆಕ್ಕ ಸಾಕು.

ಮೂರನೆಯ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 11 ಸಾವಿರ ವೋಲ್ಟಿನ ತಂತಿಯಿಂದ ಕಟ್ಟಡ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ದೂರವಿರಬೇಕು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಗೋಡೆ ಎರಡು ಮೀಟರ್ ಆಚೆಗಿದ್ದರೆ ನಕ್ಷೆಯ ಮಟ್ಟಿಗೆ ಎಲ್ಲವೂ ಸರಿ. ಈಗ ಆ ಕಟ್ಟಡದ ಮೂರನೆಯ ಮಹಡಿಯ ಮೇಲೆ ಸರಳು ಕಟ್ಟುವವನನ್ನು ಕಲ್ಪಿಸಿಕೊಳ್ಳಿ. ಅಂಗಡಿಯಿಂದ ಬರುವ ಸರಳಿನ ಉದ್ದ 12 ಮೀಟರ್. ಒಬ್ಬ ಒಂದು ತುದಿ ಹಿಡಿದು ತಿರುಗಿಸಿದರೆ ಇನ್ನೊಂದು ತುದಿ ಗೋಡೆಯ ಗೆರೆ ದಾಟಿ ಆಚೆಗೆ ಹೋಗುತ್ತದೆ, ತಂತಿ ಇರುವುದು ಅಲ್ಲೇ. ಮುಗಿದ ಕಟ್ಟಡ ಕಾನೂನಿನ ಪ್ರಕಾರ ಸುರಕ್ಷಿತ, ಮುಗಿಯದ ಕಟ್ಟಡ ಕೊಲ್ಲುವಂಥದ್ದು, ಎರಡಕ್ಕೂ ಒಂದೇ ನಕ್ಷೆ. ನಿವೇಶನದ ಗಡಿಯಾಚೆಗಿನ ತಂತಿ, ಕಂಬ, ಪಕ್ಕದ ಮನೆಯ ಹಳೆಯ ಆವರಣ ಗೋಡೆ, ಬಾವಿ ಇವೆಲ್ಲವನ್ನೂ ಮಾದರಿಯೊಳಗೆ ಸೇರಿಸಿ ಸರಳು ತಿರುಗುವ ವೃತ್ತವನ್ನು ಬರೆದರೆ, ಯಾವ ಮಹಡಿಯ ಯಾವ ಮೂಲೆಯಲ್ಲಿ ಸರಳನ್ನು ತುಂಡರಿಸಿಯೇ ಮೇಲೆ ಒಯ್ಯಬೇಕು, ಯಾವ ದಿನ ಮೆಸ್ಕಾಂನವರಿಗೆ ಹೇಳಿ ತಂತಿಯ ವಿದ್ಯುತ್ ನಿಲ್ಲಿಸಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ.

ಇದು ಬರೀ ಊಹೆಯ ಮಾತಲ್ಲ. ಅಮೆರಿಕದ ಮೈಕೆಲ್ ಬೆಮ್ 2005ರಲ್ಲಿ ಅಲ್ಲಿನ ನಿರ್ಮಾಣ ಕೆಲಸದ 224 ಸಾವಿನ ಪ್ರಕರಣಗಳನ್ನು ಒಂದೊಂದಾಗಿ ತಿರುವಿಹಾಕಿ, ಶೇ 42ರಷ್ಟರಲ್ಲಿ ವಿನ್ಯಾಸದ ಹಂತದಲ್ಲೇ ಯೋಚಿಸಿದ್ದರೆ ಅಪಾಯ ತಗ್ಗಬಹುದಾಗಿತ್ತು ಎಂಬ ನಂಟನ್ನು ಗುರುತಿಸಿದರು. 2013ರಲ್ಲಿ ಈಸ್ಟ್‌ಮನ್ ಸೇರಿದಂತೆ ಜಾರ್ಜಿಯಾ ಟೆಕ್‌ನ ಸಂಶೋಧಕರು ಮಾದರಿಯಲ್ಲೇ ಸ್ಲ್ಯಾಬಿನ ಅಂಚು, ನೆಲದ ರಂಧ್ರ, ಗೋಡೆಯ ತೆರವುಗಳನ್ನು ತಾನಾಗಿ ಹುಡುಕಿ, ಎಲ್ಲಿ ಕಟಕಟೆ ಬೇಕು, ಎಲ್ಲಿ ಮುಚ್ಚಳ ಬೇಕು, ಯಾವ ದಿನದಿಂದ ಯಾವ ದಿನದವರೆಗೆ ಬೇಕು ಎಂದು ಹೇಳುವ ವ್ಯವಸ್ಥೆಯನ್ನು ಪ್ರಕಟಿಸಿದರು. ಲಿಫ್ಟ್ ಬರುವ ತನಕ ಪ್ರತಿ ಮಹಡಿಯಲ್ಲೂ ಬಾಯಿ ತೆರೆದು ನಿಲ್ಲುವ ಆ ಕತ್ತಲ ಬಾವಿಯನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಫಿನ್ಲೆಂಡ್‌ನಲ್ಲಿ ಅದಕ್ಕೂ ಮೊದಲೇ ವಿಟಿಟಿ ಸಂಶೋಧನಾ ಸಂಸ್ಥೆ ಕಟ್ಟುವ ಕಂಪನಿಗಳ ಜತೆ ಸೇರಿ ಇಂಥ ಪ್ರಯೋಗ ನಡೆಸಿತ್ತು. ಬ್ರಿಟನ್ 2018ರಲ್ಲಿ ಮಾದರಿಯ ಮೂಲಕ ಸುರಕ್ಷತೆಯ ಮಾಹಿತಿಯನ್ನು ಹಂಚಿಕೊಳ್ಳುವುದಕ್ಕೇ ಒಂದು ಮಾನಕ ಹೊರತಂದಿತು. ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಲೇಬೇಕು: ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ತೋರಿಸಿರುವುದು ಅಪಾಯಗಳನ್ನು ಮುಂಚೆಯೇ, ಹೆಚ್ಚು ಸಂಖ್ಯೆಯಲ್ಲಿ ಗುರುತಿಸಬಹುದು ಎಂಬುದನ್ನು. ಗುರುತಿಸಿದ ಅಪಾಯವನ್ನು ಸರಿಪಡಿಸುವುದು ಮನುಷ್ಯರ ಕೆಲಸ. ಆದರೆ ಕಾಣದ ಅಪಾಯವನ್ನು ಯಾರು ತಾನೇ ಸರಿಪಡಿಸುತ್ತಾರೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಖರ್ಚಿನದು. ವಿಮಾನ ನಿಲ್ದಾಣಕ್ಕೆ, ಮೆಟ್ರೊಗೆ ಇದೆಲ್ಲ ಸರಿ, ಕಾಪುವಿನಲ್ಲಿ ನಾಲ್ಕು ಮಹಡಿ ಕಟ್ಟುವವನಿಗೆ ಎಲ್ಲಿಂದ ಎಂಬ ಪ್ರಶ್ನೆ. ಈ ಆಕ್ಷೇಪಕ್ಕೆ ಉತ್ತರ ಉಡುಪಿ–ಮಣಿಪಾಲ ರಸ್ತೆಯ ಜಾಹೀರಾತು ಫಲಕಗಳಲ್ಲೇ ಇದೆ. ಫ್ಲ್ಯಾಟ್ ಮಾರಲು ಬಿಲ್ಡರ್ ಈಗಾಗಲೇ ತ್ರೀಡಿ ಚಿತ್ರ ಮಾಡಿಸುತ್ತಾನೆ. ಅದರಲ್ಲಿ ಬಾಲ್ಕನಿಯ ಹೂಕುಂಡ, ಅಂಗಳದ ಕಾರು, ಸಂಜೆಯ ಆಕಾಶವೂ ಇರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ತೊಲೆ ಕಂಬಗಳ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಇನ್ನೊಂದು ಮಾದರಿ ಕಟ್ಟುತ್ತಾನೆ. ಅಂದರೆ ಕೊಳ್ಳುವವರಿಗಾಗಿ ಒಂದು, ಲೆಕ್ಕಕ್ಕಾಗಿ ಒಂದು ಮಾದರಿ ಆಗಲೇ ತಯಾರಾಗಿದೆ. ಕಟ್ಟುವವನಿಗಾಗಿ ಮಾತ್ರ ಇಲ್ಲ. ಇರುವುದಕ್ಕೆ ಗುಂಡಿಯನ್ನೂ ಸೆಂಟ್ರಿಂಗ್ ಅನ್ನೂ ತಾರೀಕುಗಳನ್ನೂ ಸೇರಿಸುವುದು ತರಬೇತಾದ ಒಬ್ಬರಿಗೆ ಕೆಲವು ದಿನಗಳ ಕೆಲಸ. ಮಾದರಿಯನ್ನು ತೆರೆದು ನೋಡುವ ಉಚಿತ ತಂತ್ರಾಂಶಗಳು ಮೊಬೈಲಿನಲ್ಲೂ ನಡೆಯುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಹೆಚ್ಚು ಮಹಡಿ ಏರಿಸಿದ್ದ ಕಟ್ಟಡ ಮಳೆಯ ನಡುವೆ ನೆಲಕಚ್ಚಿ ಕಾರ್ಮಿಕರು ಅದರಡಿ ಸಿಲುಕಿ ಜೀವ ಬಿಟ್ಟರು. ಕಾಗದದ ನಕ್ಷೆಯನ್ನೇ ಲೆಕ್ಕಿಸದೆ ಮಹಡಿ ಏರಿಸುವವನಿಗೆ ಡಿಜಿಟಲ್ ಮಾದರಿ ಯಾವ ಲೆಕ್ಕ ಎಂದು ಕೇಳಿದರೆ, ಅವನ ಮಟ್ಟಿಗೆ ಯಾವ ಲೆಕ್ಕವೂ ಅಲ್ಲ ಎಂದೇ ಒಪ್ಪಿಕೊಳ್ಳಬೇಕು. ದುರಾಸೆಗೆ ತಂತ್ರಾಂಶ ಮದ್ದಲ್ಲ, ಅಲ್ಲಿಗೆ ಪೊಲೀಸರೂ ನ್ಯಾಯಾಲಯವೂ ಬೇಕು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಂಜೂರಾದ ಮಾದರಿ ಪುರಸಭೆಯ ಕೈಯಲ್ಲಿದ್ದು, ಯಾವ ತಿಂಗಳಿಗೆ ಎಷ್ಟು ಎತ್ತರ ಎಂಬುದು ಅದರಲ್ಲಿದ್ದರೆ, ಹೆಚ್ಚುವರಿ ಮಹಡಿಯನ್ನು ಕಟ್ಟಡ ಬಿದ್ದ ಮೇಲೆ ಎಣಿಸಬೇಕಾಗಿಲ್ಲ. ರಸ್ತೆಯಲ್ಲಿ ನಿಂತು ಮೊಬೈಲು ಎತ್ತಿದ ಕಿರಿಯ ಎಂಜಿನಿಯರ್ ಅದು ಏಳುತ್ತಿರುವಾಗಲೇ ಎಣಿಸಬಹುದು. ಆಮೇಲೂ ಅವರು ಸುಮ್ಮನಿದ್ದರೆ, ತಿಳಿದೂ ಸುಮ್ಮನಿದ್ದರು ಎಂಬುದಕ್ಕೆ ದಾಖಲೆಯಾದರೂ ಉಳಿಯುತ್ತದೆ.

ಮೊದಲು ಹೆಲ್ಮೆಟ್ ಕೊಡಿ, ಬೆಲ್ಟ್ ಕೊಡಿ, ಆಮೇಲೆ ಮಾದರಿಯ ಮಾತು ಎನ್ನುವವರೂ ಇದ್ದಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಚಪ್ಪಲಿ ಹಾಕಿಕೊಂಡು ಸಾರುವೆ ಹತ್ತುವ ಹುಡುಗರನ್ನು ನೋಡಿದ ಯಾರಿಗೂ ಹಾಗೆ ಅನಿಸದೆ ಇರದು. ಆದರೆ ಬೆಲ್ಟಿನ ಕೊಂಡಿಯನ್ನು ಯಾವುದಕ್ಕೆ ಸಿಕ್ಕಿಸಬೇಕು? ಅಂಚಿನಲ್ಲಿ ಕೆಲಸ ಮಾಡುವವನ ತಲೆಯ ಮೇಲೆ ಗಟ್ಟಿ ತೊಲೆ ಇಲ್ಲ, ಕಾಲಡಿಯಲ್ಲಿ ಕೊಂಡಿ ಹಾಕುವ ಬಳೆ ಇಲ್ಲ. ಬೆಲ್ಟ್ ಕೊಟ್ಟೆವು, ಅವರೇ ಹಾಕಿಕೊಳ್ಳಲಿಲ್ಲ ಎಂಬ ದೂರು ಎಷ್ಟೋ ಸಲ ಇಲ್ಲಿಂದ ಹುಟ್ಟುತ್ತದೆ. ಸ್ಲ್ಯಾಬ್ ಹಾಕುವಾಗಲೇ ಅಂಚಿನುದ್ದಕ್ಕೂ ಕೊಂಡಿಯ ಬಳೆಗಳನ್ನು ಕೂರಿಸಬೇಕಾದರೆ ಅದು ಮೊದಲೇ ಚಿತ್ರದಲ್ಲಿರಬೇಕು; ಗಟ್ಟಿಯಾದ ಕಾಂಕ್ರೀಟನ್ನು ಮತ್ತೆ ಕೊರೆಯಲು ಯಾರೂ ಬರುವುದಿಲ್ಲ. ನೂರು ಹೆಲ್ಮೆಟ್ ಇದ್ದರೂ ಶೇಡಿ ಮಣ್ಣಿನ ಗೋಡೆಯ ಕೆಳಗೆ ಪ್ರಯೋಜನವಿಲ್ಲ ಎಂಬುದನ್ನೂ ಮರೆಯಬಾರದು.

ಮಾದರಿ ಆಫೀಸಿನಲ್ಲಿ, ಅಪಾಯ ಸೈಟಿನಲ್ಲಿ ಎಂಬ ದೂರೊಂದಿದೆ. ನನಗೆ ನಿಜವಾದ ಚಿಂತೆ ಇರುವುದು ಇದರ ಬಗ್ಗೆಯೇ. ಉಡುಪಿಯ ಸೈಟಿನಲ್ಲಿ ಮೇಸ್ತ್ರಿ ತುಳುವಿನಲ್ಲಿ ಮಾತಾಡುತ್ತಾನೆ, ಎಂಜಿನಿಯರ್ ಕನ್ನಡ–ಇಂಗ್ಲಿಷ್ ಬೆರೆಸುತ್ತಾನೆ, ಗಾರೆಯವರು ಬಾಗಲಕೋಟೆ, ಕೊಪ್ಪಳದವರು, ಸೆಂಟ್ರಿಂಗ್‌ನವರು ಒಡಿಶಾ, ಬಂಗಾಳ, ಬಿಹಾರದವರು. ಸುರಕ್ಷತೆಯ ಸೂಚನೆ ಇಷ್ಟೂ ಭಾಷೆಗಳನ್ನು ದಾಟುವಷ್ಟರಲ್ಲಿ ‘ಜಾಗ್ರತೆ’ ಎಂಬ ಒಂದು ಪದವಾಗಿ ಉಳಿಯುತ್ತದೆ. ಚಿತ್ರಕ್ಕೆ ಆ ತೊಂದರೆ ಇಲ್ಲ. ಇವತ್ತು ನೀನು ನಿಲ್ಲುವ ಜಾಗ ಇದು, ಈ ಮೂಲೆಗೆ ಹೋಗಬೇಡ, ಈ ರಂಧ್ರದ ಮೇಲೆ ಹಲಗೆ ಇದೆ, ತೆಗೆಯಬೇಡ ಎಂಬುದನ್ನು ಅದೇ ಕಟ್ಟಡದ, ಅದೇ ದಿನದ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರೆ ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ. ತೋರಿಸುವಾಗ ಅವರಿಂದ ಕೇಳಿಯೂ ತಿಳಿಯಬೇಕು. ಎಲ್ಲಿ ಕಾಲು ಜಾರುತ್ತದೆ, ಯಾವ ಜಾಕಿ ಅಲುಗುತ್ತದೆ ಎಂಬುದು ಸೆಂಟ್ರಿಂಗ್‌ನವನಿಗೆ ಗೊತ್ತಿರುವಷ್ಟು ಮಾದರಿ ಬರೆದವನಿಗೆ ಗೊತ್ತಿರುವುದಿಲ್ಲ. ಇದೇ ತಂತ್ರಜ್ಞಾನವನ್ನು ಹೆಲ್ಮೆಟ್ಟಿಗೆ ಸೆನ್ಸರ್ ಅಂಟಿಸಿ ಕೆಲಸಗಾರ ಎಷ್ಟು ಹೊತ್ತು ಕೂತ ಎಂದು ಅಳೆಯಲು ಬಳಸುವುದಾದರೆ ಅದನ್ನು ಕಟುವಾಗಿಯೇ ವಿರೋಧಿಸಬೇಕು. ಅಳೆಯಬೇಕಾದ್ದು ಗುಂಡಿಯ ಆಳವನ್ನು, ಅವನ ಬೀಡಿಯ ವಿರಾಮವನ್ನಲ್ಲ.

ಯಾರು ಮಾಡಬೇಕು ಎಂಬಲ್ಲಿಗೆ ಬಂದರೆ ಕಾನೂನು ಸಣ್ಣ ಸೈಟುಗಳ ಕೈಬಿಟ್ಟಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯವಾಗಿದ್ದುದು 500 ಕಾರ್ಮಿಕರಿರುವಲ್ಲಿ. 2020ರ ಹೊಸ ಕಾರ್ಮಿಕ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಕಾಪು, ಕಾರ್ಕಳದ ಸೈಟುಗಳಲ್ಲಿ ಇರುವುದು ಹದಿನೈದು, ಇಪ್ಪತ್ತು ಜನ. ಅವರ ಪಾಲಿಗೆ ಅಧಿಕಾರಿ ಯಾರೂ ಇಲ್ಲ. ಅದೇ ಹೊತ್ತಿಗೆ ಕಟ್ಟಡ ಕಾಮಗಾರಿಗಳಿಂದ ಶೇ 1ರಷ್ಟು ಸೆಸ್ ಸಂಗ್ರಹವಾಗಿ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತಿದೆ. ಎರಡು ಕೋಟಿಯ ಕಟ್ಟಡಕ್ಕೆ ಎರಡು ಲಕ್ಷ. ಆ ಹಣ ಮಕ್ಕಳ ವಿದ್ಯಾರ್ಥಿವೇತನಕ್ಕೆ, ಪಿಂಚಣಿಗೆ, ಸತ್ತಾಗ ಕೊಡುವ ಪರಿಹಾರಕ್ಕೆ ಹೋಗುತ್ತದೆ. ಅವನ್ನು ಕಡಿಮೆ ಮಾಡಬೇಕೆಂದು ಯಾರೂ ಹೇಳಲಾರರು. ಆದರೆ ಸಾವಿನ ಪರಿಹಾರಕ್ಕೆ ಹಣ ತೆಗೆದಿಡುವ ಮಂಡಳಿ ಸಾವನ್ನು ತಡೆಯುವ ಕೆಲಸಕ್ಕೂ ಒಂದು ಪಾಲನ್ನು ಇಡುವುದು ಅದರ ಉದ್ದೇಶದ ಒಳಗೇ ಇದೆ. ಮಾದರಿ ಮಾಡುವ ಕೈಗಳೂ ದೂರದಲ್ಲಿಲ್ಲ. ಮಣಿಪಾಲದಲ್ಲಿ ಎಂಐಟಿಯೂ ವಾಸ್ತುಶಿಲ್ಪ ಶಾಲೆಯೂ ಇವೆ, ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಉಚ್ಚಿಲಕ್ಕೆ ಹತ್ತಿರದ ಬಂಟಕಲ್ಲಿನಲ್ಲೂ ಇದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಎಲ್ಲಿಯೂ ಇಲ್ಲದ ಕಟ್ಟಡದ ಮಾದರಿ ಬರೆಯುವ ಬದಲು, ನೋಂದಾಯಿತ ಎಂಜಿನಿಯರರ ಸಹಿಯಡಿಯಲ್ಲಿ ಪಕ್ಕದ ಬೀದಿಯ ಸೈಟನ್ನೇ ಬರೆಯಬಹುದು.

ಪರವಾನಗಿಯ ಜತೆಗೆ ಕೇಳಬೇಕಾದ್ದೂ ದೊಡ್ಡದೇನಲ್ಲ. ಪೂರ್ಣ ಪ್ರಮಾಣದ ಬಿಮ್ ಕಡ್ಡಾಯ ಮಾಡಿದರೆ ಅದೂ ಇನ್ನೊಂದು ಕಡತವಾಗಿ ಧೂಳು ಹಿಡಿಯುತ್ತದೆ. ಮೊದಲಿಗೆ ನಾಲ್ಕು ಸಂಗತಿಯ ಹಂತ ಹಂತದ ಚಿತ್ರಗಳು ಸಾಕು: ಗುಂಡಿ, ಸ್ಲ್ಯಾಬಿನ ಆಧಾರ, ತೆರೆದ ಅಂಚು ಮತ್ತು ತಂತಿ. ಸೈಟಿನ ಬಾಗಿಲಲ್ಲಿ ಪರವಾನಗಿ ಸಂಖ್ಯೆ, ಮಾಲೀಕರ ಹೆಸರು ಬರೆದ ಫಲಕ ಹೇಗೂ ಇರುತ್ತದೆ. ಅದರ ಪಕ್ಕದಲ್ಲಿ ಆ ವಾರದ ಚಿತ್ರವನ್ನು ತೂಗುಹಾಕಲಿ. ಮಣಿಪಾಲದ ಒಂದು ಸೈಟಿನ ಮೇ ಮೂರನೆಯ ವಾರದ ಚಿತ್ರವಾದರೆ ಅದರಲ್ಲಿ ಗುಂಡಿಯ ಪೂರ್ವದ ಗೋಡೆ ಕೆಂಪು ಬಣ್ಣದಲ್ಲಿರುತ್ತದೆ, ಮೇಲಿನ ಮುರಕಲ್ಲಿನ ಪದರ ಎಲ್ಲಿ ಮುಗಿದು ಶೇಡಿ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಇರುತ್ತದೆ, ಅಂಚಿನಿಂದ ಇಷ್ಟು ಅಡಿಯೊಳಗೆ ಹಿಟಾಚಿ ನಿಲ್ಲಬಾರದು ಎಂಬ ಪಟ್ಟಿ ಇರುತ್ತದೆ, ತಡೆಗೋಡೆ ಮುಗಿಯಬೇಕಾದ ತಾರೀಕು ಇರುತ್ತದೆ. ಮಳೆ ಆ ತಾರೀಕಿಗಿಂತ ಮುಂಚೆ ಬಂದರೆ ಗುಂಡಿಯೊಳಗೆ ಯಾರೂ ಇಳಿಯಬಾರದು ಎಂದು ತೋರಿಸಲು, ಏಣಿಯ ಮೇಲೆ ಒಂದು ಅಡ್ಡಗೆರೆ.